ಯುಗಾದಿ ಬುಕಿಂಗಿಗೆ ಹಿಡಿದ ನರಿ

ಹೆಸರು ಬೀರಲಿಂಗ ತಂದೆ ಯಮನೂರಪ್ಪ, ವಯಸ್ಸು 19, ಉದ್ಯೋಗ ಕುರಿ ಕಾಯುವುದು, ಶಾಲೆ ಏಳನೇ ತರಗತಿಗೆ ಬಿಟ್ಟದ್ದು, ಸಾಕಿನ್ ಗುರುಗುಂಟಾ, ತಾಲೂಕು ಲಿಂಗಸುಗೂರು. ದಿನಾಂಕ 29-03-2025, ಶನಿವಾರ ರಾತ್ರಿ 8 ಗಂಟೆಗೆ ಠಾಣೆಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಊರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಎರಡು ಕಿಲೋಮೀಟರ್ ದೂರಕ್ಕೆ ಕುರುಚಲು ಕಂಟಿ ಬೆಳೆದ ಒಂದು ಮಡ್ಡಿ ಇತ್ತು. ನಾವು ಅಲ್ಲಿ ಕುರಿ ಮೇಯಿಸುತ್ತಿದ್ದೆವು. ಈಗ ಅದು ಲೇಔಟ್ ಆಗಿದೆ. ಕಂಟಿ ಕಿತ್ತು, ನೆಲ ಸಮ ಮಾಡಿ, ಸುಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಮನೆ ಒಂದೂ ಇಲ್ಲ, ಕಮಾನು ಮಾತ್ರ ಇದೆ. ಅಲ್ಲಿದ್ದ ನರಿಗಳು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನರಿ ಮೇಲೆ ನನಗೇನೂ ಮಮತೆ ಇಲ್ಲ. ಹೋದ ವರ್ಷ ನಮ್ಮ ಎರಡು ಕುರಿಮರಿ ಒಯ್ದಿದೆ. ಇದನ್ನೂ ಬರೆದುಕೊಳ್ಳಿ.

ಈ ದಿನ ಬೆಳಿಗ್ಗೆ 6-30ಕ್ಕೆ ಕುರಿ ಹೊಡೆದುಕೊಂಡು ಹೋಗುವಾಗ ಲೇಔಟ್ ಆಫೀಸಿನ ಮುಂದೆ ಹಂದಿ ಹಿಡಿಯುವ ಕಬ್ಬಿಣದ ಪಂಜರ ಕಂಡಿತು. ಒಳಗೆ ನರಿ ಇತ್ತು. ಸರಳು ಕಚ್ಚಿ ಕಚ್ಚಿ ಬಾಯಿ ರಕ್ತವಾಗಿತ್ತು. ಮ್ಯಾನೇಜರ್ ಹನುಮಂತರಾಯರು ಪಂಜರಕ್ಕೆ ಚೆಂಡುಹೂವಿನ ಹಾರ ಕಟ್ಟಿಸುತ್ತಿದ್ದರು. ನಾಳೆ ಯುಗಾದಿ ಇರುವುದರಿಂದ, ಸೈಟ್ ಬುಕ್ ಮಾಡಲು ಬರುವವರಿಗೆ ಮೊದಲು ಇದರ ಮುಖ ತೋರಿಸುವುದಾಗಿ ಹೇಳಿದರು.

"ನರಿ ಮಾರಿ ನೋಡಿ ಸೈಟ್ ಹಿಡದ್ರ ಮನಿ ಲಗೂ ಏಳತೈತಲೇ," ಎಂದರು.

"ನಿಮ್ಮ ಮಾರಿ ನೋಡಿದೋರಿಗೆ ಏನ್ ಏಳತೈತ್ರೀ?" ಎಂದು ನಾನು ಕೇಳಿದ್ದು ನಿಜ.

ಅಲ್ಲಿ ಗಿಡಗಳಿಗೆ ನೀರು ಹಾಕುವ ರಾಜಾಬೀ ಎಂಬ ವಯಸ್ಸಾದವರು ಬಗ್ಗಿ ನೋಡಿ, "ಯಾ ಅಲ್ಲಾ, ಇದು ಬಾಣಂತಿ ಐತೋ ಬೇಟಾ! ಮೊಲಿ ನೋಡು, ಹಾಲು ಸೋರಾಕತ್ತೈತಿ," ಎಂದರು.

"ಒಂದ್ ದಿನ ತಡಿಯವ್ವಾ. ನಾಳೆ ಮಧ್ಯಾನ ಹೋಳಿಗಿ ತಿನ್ನಿಸಿ ಬಿಡ್ತೀನಿ," ಎಂದು ಮ್ಯಾನೇಜರ್ ಹೇಳಿದರು.

"ಇದಕ್ಕ ನೀವು ಹೋಳಿಗಿ ಹಾಕ್ತೀರಿ. ಇದರ ಕೂಸಿಗೆ ಹಾಲು ಯಾರು ಹಾಕ್ತಾರ್ರೀ?" ಎಂದು ರಾಜಾಬೀ ಕೇಳಿದರು. ಮ್ಯಾನೇಜರ್ ಹಾರದ ಇನ್ನೊಂದು ತುದಿ ಕಟ್ಟಿಸಲು ತಿರುಗಿದರು.

ಮಧ್ಯಾಹ್ನ ಕುರಿಗಳನ್ನು ನೆರಳಿಗೆ ನಿಲ್ಲಿಸಿದಾಗ, ಚರಂಡಿಗೆಂದು ತಂದು ರಸ್ತೆ ಬದಿಗೆ ಇಳಿಸಿದ್ದ ಸಿಮೆಂಟ್ ಪೈಪಿನೊಳಗೆ ಕುಂಯ್‌ಗುಟ್ಟುವ ಸದ್ದು ಕೇಳಿಸಿತು. ನಾಲ್ಕು ಮರಿಗಳಿದ್ದವು. ಒಂದು ನನ್ನ ಬೆರಳನ್ನೇ ಮೊಲೆ ಎಂದು ಚೀಪಿತು. ಹೋಗಿ ಮ್ಯಾನೇಜರರಿಗೆ ಹೇಳಿದೆ. ಮರಿಗಳನ್ನೂ ತಂದು ಪಂಜರಕ್ಕೆ ಹಾಕು, ಐದು ಮುಖ ಆಗುತ್ತವೆ ಎಂದು ನಕ್ಕರು. ನಾನು ಹಾಕಲಿಲ್ಲ.

ಸಂಜೆ 6-15ಕ್ಕೆ ಅವರು ಮಾವಿನ ಎಲೆ ತರಲು ಬೈಕಿನಲ್ಲಿ ಹೋದರು. ಪಂಜರದ ಬಾಗಿಲಿನ ತಂತಿ ಬಿಚ್ಚಿ ಎತ್ತಿದವನು ನಾನೇ. ಈ ಕೆಲಸದಲ್ಲಿ ರಾಜಾಬೀಯವರ ಹೆಸರು ಸೇರಿಸಬೇಡಿ. ಪಂಜರ ಕದ್ದಿಲ್ಲ, ಹಾರದ ಸಮೇತ ಅಲ್ಲೇ ಇದೆ. ನರಿ ನೇರವಾಗಿ ಪೈಪಿಗೆ ಓಡಿತು.

ಸ್ವಲ್ಪ ಹೊತ್ತಿಗೆ ಅದು ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ರಸ್ತೆ ಅಂಚಿಗೆ ಬಂತು. ಆಚೆ ಬದಿಗೆ ಇನ್ನೂ ಜಾಲಿಕಂಟಿ ಉಳಿದಿದೆ. ಆದರೆ ಹಬ್ಬದ ಹಿಂದಿನ ದಿನ, ಬಸ್ಸು ಬೈಕು ಆಟೋ ಬಿಡುವೇ ಇಲ್ಲ. ಹೆಜ್ಜೆ ಇಡುವುದು, ಹಿಂದೆ ಸರಿಯುವುದು, ಹೀಗೇ ಮಾಡಿತು. ಒಂದು ಟಿಪ್ಪರ್ ಅದರ ಮೂತಿಗೆ ಒಂದು ಮೊಳ ದೂರದಲ್ಲಿ ಹೋಯಿತು. ಆಗ ನಾನು ಕಂಬಳಿ ಬೀಸುತ್ತ ರಸ್ತೆ ನಡುವೆ ನಿಂತೆ. ಹೊತ್ತು 6-40.

ಬಸ್ಸು ನಿಂತಿತು. "ಏನ್ ಸತ್ತೈತೇನಲೇ ಅಲ್ಲಿ?" ಎಂದು ಡ್ರೈವರ್ ಕೂಗಿದರು.

"ಇನ್ನಾ ಸತ್ತಿಲ್ಲ, ಅದಕ್ಕ ನಿಂತೀನಿ. ಲೈಟ್ ಆರಸ್ರೀ!" ಎಂದೆ.

ಆರಿಸಿದರು. ನರಿ ದಾಟಿತು. ಕಿಟಕಿಯಲ್ಲಿದ್ದ ಒಬ್ಬಾಕೆ ಕೈ ಮುಗಿದು, "ಹಬ್ಬಕ್ಕ ನರಿ ಮಾರಿ ಕಂಡ್ವಿ ಬಿಡವ್ವಾ," ಎಂದದ್ದು ಕೇಳಿಸಿತು. ಅಷ್ಟರಲ್ಲಿ ರಾಜಾಬೀಯವರು ರಂಜಾನ್ ಉಪವಾಸದ ರೋಜಾ ಬಿಟ್ಟು, ಬಾಯಲ್ಲಿ ಖರ್ಜೂರ ಇದ್ದ ಹಾಗೆಯೇ ಬಂದು, ಲಿಂಗಸುಗೂರು ಕಡೆಯಿಂದ ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿದು ನಿಂತರು. ನರಿ ತಿರುಗಿ ಬಂದು ಎರಡನೆಯ ಮರಿಯನ್ನು ಕಚ್ಚಿಕೊಂಡು ದಾಟಿತು. ಮೂರನೆಯದನ್ನೂ ದಾಟಿಸಿತು.

ಆಗ ಬಿಳಿ ಕಾರಿನವನೊಬ್ಬ ಹಾರ್ನ್ ಒತ್ತಿ, "ನಿಮ್ಮಪ್ಪನ ರಸ್ತೇನಬೇ ಇದು?" ಎಂದು ರಾಜಾಬೀಯವರನ್ನು ಕೇಳಿದ. ಅವರು ಸರಿಯಲಿಲ್ಲ. ಕಾರು ಮುಂದಕ್ಕೆ ಬಿಟ್ಟ. ಅವರ ಮೊಣಕಾಲಿಗೆ ತಾಗಿ ಅವರು ಕುಸಿದರು. ನಾನು ಓಡಿ ಹೋಗಿ ಕೋಲಿನಿಂದ ಕಾರಿನ ಲೈಟ್ ಒಡೆದೆ. ಒಡೆದಿಲ್ಲ ಎಂದು ಹೇಳುವುದಿಲ್ಲ. ಇನ್ನೊಂದನ್ನೂ ಒಡೆಯುತ್ತಿದ್ದೆ, ಜನ ಹಿಡಿದುಕೊಂಡರು. ಅದೇ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಹನುಮಂತರಾಯರು ಠಾಣೆಗೆ ಫೋನ್ ಮಾಡಿದರು.

7-20ಕ್ಕೆ ಜೀಪು ಬಂತು. ಗಾಡಿಗಳನ್ನು ಬಿಟ್ಟರು, ನನ್ನನ್ನು ಹತ್ತಿಸಿದರು. ರಾಜಾಬೀಯವರಿಗೆ ದವಾಖಾನೆಗೆ ನಡೆಯಿರಿ ಎಂದು ಪೊಲೀಸರು ಹೇಳಿದರು. "ಇನ್ನೊಂದು ಐತ್ರೀ ಸಾಹೇಬ್ರ," ಎಂದು ಅವರು ಪೈಪಿನ ಹತ್ತಿರ ನೆಲಕ್ಕೇ ಕುಳಿತರು.

ನಾಲ್ಕನೆಯ ಮರಿ ಪೈಪಿನಲ್ಲೇ ಇದೆ. ತಾಯಿ ಆಚೆ ಕಂಟಿಯಲ್ಲಿದೆ. ಅದು ಬಂದೇ ಬರುತ್ತದೆ. ಅಮಾವಾಸ್ಯೆ ಕತ್ತಲು. ಅದು ಬಂದರೆ ಆ ಮುದುಕಿ ಆ ಕಾಲಿನಲ್ಲೇ ಎದ್ದು ರಸ್ತೆಗೆ ಇಳಿಯುತ್ತಾರೆ, ನನಗೆ ಗೊತ್ತು. ಗಾಡಿಯವರಿಗೆ ಇಬ್ಬರೂ ಕಾಣುವುದಿಲ್ಲ.

ನನ್ನ ಮೇಲೆ ಯಾವ ಕೇಸು ಬೇಕೋ ಹಾಕಿ. ಈಗ ಅಲ್ಲಿಗೆ ಟಾರ್ಚ್ ಹಿಡಿದು ಒಬ್ಬರನ್ನು ಕಳಿಸಿ. ಕಳಿಸಲು ಯಾರೂ ಇಲ್ಲದಿದ್ದರೆ ನನ್ನನ್ನೇ ಕರೆದುಕೊಂಡು ಹೋಗಿ, ಬೇಡಿ ಹಾಕಿಯೇ ನಿಲ್ಲಿಸಿ. ಒಂದು ಕೈ ಬಿಟ್ಟರೆ ಸಾಕು.

ಮೇಲೆ ಬರೆಸಿದ್ದು ನಾನು ಕಂಡದ್ದು ಮತ್ತು ಮಾಡಿದ್ದು. ಓದಿ ಹೇಳಿದರು, ಸರಿ ಇದೆ. ಹೊತ್ತಾಗುತ್ತಿದೆ ಎಂದು ಎರಡನೇ ಸಲ ಓದಿಸಲಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 29-03-2025, ರಾತ್ರಿ 8-35
ಸಹಿ: ಬೀರಲಿಂಗ