ಆಕ್ಸಿಜನ್ ಕೋಣೆಯ ಹೊರಗೆ

ಕಾಲಿನ ಹುಣ್ಣು ಮಾಯದ ದರ್ಜಿ ಆಸ್ಪತ್ರೆಯ ಆಕ್ಸಿಜನ್ ಕೋಣೆಯ ಹೊರಗೆ ಸರದಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಕೂತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಳಗಿದ್ದವನಿಗೆ ಅನ್ನನಾಳದ ಆಪರೇಷನ್ ಆಗಿ, ಹೊಲಿಗೆ ಕೂಡಿರಲಿಲ್ಲ. ಒಬ್ಬಳು ಅವನ ಅಕ್ಕ, ಇನ್ನೊಬ್ಬಳು ಹೆಂಡತಿ.

“ಗಾಳಿ ತುಂಬಿದರೆ ಒಳಗಿನ ಗಾಯ ಮಾಯುತ್ತಾ? ಎತ್ತು ಈಯಿತು ಅಂದ್ರೆ ಕರು ಕಟ್ಟೋಕೆ ಹೋಗೋಳು ನೀನು,” ಅಂದಳು ಅಕ್ಕ.

“ಬರೀ ಗಾಳಿಯಲ್ಲ ಅತ್ತಿಗೆ. ಒತ್ತಡದಲ್ಲಿ ಕೊಡೋ ಆಕ್ಸಿಜನ್ ರಕ್ತಕ್ಕೆ ಸೇರಿ ಗಾಯ ಮಾಯೋಕೆ ಬಲ ಕೊಡುತ್ತಂತೆ.”

“ಹೊಲಿಗೆ ಕೆಡಿಸಿದ್ದಾರೆ. ಅದನ್ನ ಮುಚ್ಚೋಕೆ ಈ ನಾಟಕ.”

“ಬಾಯಿಗೆ ಏನೂ ಕೊಡಬಾರದು ಅಂದಿದ್ದರೂ ಏನೋ ಒಳಗೆ ಹೋಗಿದೆ ಅಂತಾರೆ ಡಾಕ್ಟರು. ನನಗೂ ಅದೇ ಅನುಮಾನ.”

“ಒಂದು ಚಮಚ ಹಾಲಿಗೆ ಹೊಲಿಗೆ ಬಿಟ್ಟುಹೋಗುತ್ತಾ?”

“ಹಾಲು ಅಂತ ನಾನು ಹೇಳಲಿಲ್ಲವಲ್ಲ.”

ದರ್ಜಿಗೆ ಎದ್ದು ದೂರ ಹೋಗೋಣ ಅನ್ನಿಸಿತು. ಆದರೆ ಮುಂದಿನ ಸರದಿ ಅವನದೇ.

“ತುಟಿ ಒಣಗಿ ಒಡೆದಿತ್ತು ಕಣೆ. ಕಣ್ಣಲ್ಲೇ ಬೇಡಿದ. ಎತ್ತಿ ಆಡಿಸಿದವಳು ನಾನು, ಹೇಗೆ ನೋಡ್ತಾ ಕೂತಿರಲಿ?”

ಅಷ್ಟರಲ್ಲಿ ಬಾಗಿಲು ತೆರೆದು ಒಳಗಿದ್ದವನ ಗಾಲಿಕುರ್ಚಿ ಹೊರಗೆ ಬಂತು. ಹೆಂಡತಿ ಎದ್ದು ಹಿಡಿಕೆ ಹಿಡಿದಳು.

“ಬನ್ನಿ ಅತ್ತಿಗೆ. ಹಾಲಿನ ವಿಷಯ ಡಾಕ್ಟರಿಗೆ ನೀವೇ ಹೇಳಿ. ಇನ್ನು ಇವರ ಹತ್ತಿರ ನಾನೇ ಇರ್ತೀನಿ.”

ಕುರ್ಚಿ ತಳ್ಳಲು ಅಕ್ಕನೂ ಕೈ ಚಾಚಿದಳು. ಹೆಂಡತಿ ಹಿಡಿಕೆ ಬಿಟ್ಟುಕೊಡಲಿಲ್ಲ.