ಒಂದೇ ಸಲ ಕರೆದ ದನಿ

ಆ ದೀಪ ಸ್ವಲ್ಪ ಸಣ್ಣದು ಮಾಡಿ. ಮಕ್ಕಳು ನಿಜವಾಗಿ ಮಲಗಿದ್ದಾವೋ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಾವೋ ನೋಡಿಕೊಳ್ಳಿ… ನಡುರಾತ್ರಿ ಬೆಚ್ಚಿಬಿದ್ದು ಅತ್ತರೆ ನನ್ನ ಹೆಸರು ಹೇಳಬೇಡಿ. ಇದು ಅಜ್ಜಿ ಕಟ್ಟಿದ ಕತೆಯಲ್ಲ. ಸವಣೂರಿನಲ್ಲಿ, ನಮ್ಮ ದೊಡ್ಡಪ್ಪನ ಮಗ ಸುಶೀಂದ್ರನಿಗೆ ಆದದ್ದು. ಹೌದು, ಡಾಕ್ಟರ್ ಸುಶೀಂದ್ರನೇ. ದೆವ್ವ ಅಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳಿಗ್ಗೆ ಹಾವೇರಿಗೆ ಹೋಗಿ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಪಾಠ. ಮಧ್ಯಾಹ್ನದಿಂದ ಸವಣೂರಿನ ದವಾಖಾನೆ. ಭಾನುವಾರ ಆಯಿತೆಂದರೆ ಚೀಲ ಹೆಗಲಿಗೇರಿಸಿಕೊಂಡು ಸುತ್ತಲಿನ ಹಳ್ಳಿಗಳು. ಇಷ್ಟು ದಣಿದು ಬಂದರೂ ತಾಯಿ ಇಂದಿರಾಬಾಯಿಯ ಕಾಲು ಒತ್ತದೆ ಮಲಗಿದವನಲ್ಲ. ಪಾಠದಲ್ಲಿ ಏನೇ ಹೇಳಿಕೊಡಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ. "ರೋಗಿ ಎರಡನೇ ಸಲ ಕೂಗೋಹಂಗ ಆಗಬಾರದು. ಮೊದಲನೇ ಕೂಗಿಗೇ ಎದ್ದು ಹೋಗಬೇಕು."

ಈ ಮಾತಿಗೆ ವಿರೋಧ ಪಕ್ಷ ಅವನ ಮನೆಯಲ್ಲೇ ಇತ್ತು. ಕತ್ತಲಾದ ಮೇಲೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕೂಗಿಗೆ ಓ ಅನ್ನಬಾರದು ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಇಂದಿರಾಬಾಯಿಗೆ ಅದು ವೇದವಾಕ್ಯ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಅದಾದರೆ… ಒಂದೇ ಸಲ. ಓ ಅಂದೆಯೋ, ಬೆನ್ನು ಹತ್ತಿತು.

"ಅವ್ವಾ, ನಿನ್ನ ಶಾಸ್ತ್ರ ಕೇಳಿಕೋತ ಕೂತರ ನನ್ನ ಪೇಶಂಟ್ ಎಲ್ಲಾ ವೈಕುಂಠಕ್ಕ ಹೋಗ್ತಾರ," ಎಂದು ಅವನು ಚೇಷ್ಟೆ ಮಾಡುತ್ತಿದ್ದ.

"ನಗು, ನಗು. ನಿನಗೆಲ್ಲಾ ನಗೀನ," ಎಂದು ಆಕೆ ಬತ್ತಿ ಹೊಸೆಯುತ್ತಿದ್ದಳು.

ಹೋದ ವರ್ಷ ದೀಪಾವಳಿ ಮುಗಿದು ಚಳಿ ಹಿಡಿದ ದಿನಗಳು. ಊರ ಹೊರಗೆ ಒಬ್ಬ ಮುದುಕನಿಗೆ ಜ್ವರ ನೆತ್ತಿಗೇರಿದೆ ಎಂದು ಒಂದು ರಾತ್ರಿ ಫೋನು ಬಂತು. ಹೋದ, ಸೂಜಿ ಹಾಕಿದ, ಜ್ವರ ಇಳಿಯುವ ತನಕ ಕೂತ. ಹೊರಗೆ ಬಂದು ನೋಡಿದರೆ ಬೈಕಿನ ಗಾಲಿ ನೆಲ ಕಚ್ಚಿತ್ತು. ಇರಲಿ, ನಡೆದೇ ಹೋದರಾಯಿತು ಎಂದು ಹೊರಟ. ದೊಡ್ಡ ಹುಣಸೆ ಎಂದು ಊರವರು ಕರೆಯುವ ಆ ಹೆಮ್ಮರಗಳನ್ನು ದಾಟಿದ. ಅವುಗಳ ಬುಡ ನಿಮಗೆ ಗೊತ್ತಲ್ಲ, ಹತ್ತು ಮಂದಿ ಕೈ ಹಿಡಿದು ನಿಂತರೂ ತಬ್ಬಲಿಕ್ಕಾಗದು. ಅಲ್ಲಿಂದ ಮುಂದೆ ಬಸವಣ್ಣೆಪ್ಪನ ವೀಳ್ಯದೆಲೆ ತೋಟ. ತೋಟದ ಅಂಚಿಗೆ ಹಳೆಯ ಬಾವಿ.

ಚಪ್ಪಲಿಯ ಸದ್ದು… ಚರಕ್, ಚರಕ್. ಬಾವಿಯ ಹತ್ತಿರ ಬರುತ್ತಿದ್ದಂತೆ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು.

"ಸಾಹೇಬ್ರ…"

ಗಂಡಸೋ ಹೆಂಗಸೋ ತಿಳಿಯಲಿಲ್ಲ. ಉಸಿರು ಮುಗಿಯುತ್ತ ಬಂದವರು ಉಳಿದಷ್ಟರಲ್ಲಿ ಕರೆದಂಥ ದನಿ. ಇಷ್ಟು ವರ್ಷದ ರೂಢಿ ನೋಡಿ, ತಲೆ ಯೋಚಿಸುವ ಮೊದಲೇ ಬಾಯಿ ಆಡಿತು.

"ಓ… ಬಂದೆ."

ಯಾರೂ ಇಲ್ಲ. ಮೊಬೈಲಿನ ಬೆಳಕು ಬಿಟ್ಟು ನೋಡಿದ. ಬಾವಿಯ ಗಡಗಡಿಯ ಹಗ್ಗ ತೂಗುತ್ತಿತ್ತು… ಕಿರ್… ಕಿರ್… ಗಾಳಿ ಇರಲಿಲ್ಲ. "ಯಾರದೀರಿ? ಎಲ್ಲಿ ನೂಸಲಿಕ್ಕತ್ತದ?" ಎಂದು ಕೇಳಿದ. ಡಾಕ್ಟರ ಬುದ್ಧಿ, ದೆವ್ವಕ್ಕೂ ನೋವು ಎಲ್ಲಿ ಎಂದೇ ಕೇಳುವುದು. ಬಾವಿಯನ್ನೊಂದು ಸುತ್ತು ಹಾಕಿದ. ಮನೆಗೆ ಬಂದು ಮಲಗಿದ.

ಮರುದಿನ ರಾತ್ರಿ ಅದೇ ದನಿ ಮನೆಯ ಗೇಟಿನ ಹೊರಗೆ ಬಂತು. "ಸಾಹೇಬ್ರ…" ಒಂದೇ ಸಲ. ಎದ್ದು ಹೋಗಿ ಬಾಗಿಲು ತೆಗೆದ. ರಸ್ತೆ ಬರಿದು. ಅದರ ಮರುದಿನವೂ ಹಾಗೇ. ಹೆಂಡತಿ ಸಂಪದಾ ಪಕ್ಕದಲ್ಲೇ ಎಚ್ಚರ ಇದ್ದಳು. "ನನಗೇನೂ ಕೇಳಿಸಿಲ್ಲರಿ," ಅಂದಳು. ಹುಬ್ಬಳ್ಳಿಗೆ ಹೋಗಿ ಗೆಳೆಯ ಡಾಕ್ಟರನಿಗೆ ಕಿವಿ ತೋರಿಸಿದ. ಕಿವಿ ಚಲೋ ಅದಾವ, ನಿದ್ದೆ ಕಡಿಮೆ ಆಗೇದ ಎಂದು ಅವನು ಗುಳಿಗೆ ಬರೆದುಕೊಟ್ಟ. ಗುಳಿಗೆ ನುಂಗಿದರೂ ದನಿ ಬಂತು. ಏಳದೆ ಇರಬಹುದಿತ್ತು, ಆದರೆ ಅವನಿಗೆ ಆಗುತ್ತಿರಲಿಲ್ಲ. ಇವತ್ತೊಂದು ದಿನ ನಿಜವಾದ ರೋಗಿಯೇ ಬಂದಿದ್ದರೆ? ಈ ಒಂದು ಅನುಮಾನ ಅವನನ್ನು ದಿನಾ ಎಬ್ಬಿಸಿ ಬಾಗಿಲಿಗೆ ತರುತ್ತಿತ್ತು.

ಒಂದು ರಾತ್ರಿ ದನಿ ಗೇಟಿನಲ್ಲಿ ನಿಲ್ಲಲಿಲ್ಲ… ಮುಂದೆ ಮುಂದೆ ಹೋಯಿತು. ಇವನೂ ಹೋದ. ಬರಿಗಾಲು, ಕೈಯಲ್ಲಿ ಔಷಧಿ ಚೀಲ. ರಾತ್ರಿ ಕರೆಂಟು ಬರುತ್ತದೆಂದು ತೋಟಕ್ಕೆ ನೀರು ಬಿಡಲು ಬಂದಿದ್ದ ಬಸವಣ್ಣೆಪ್ಪ ಓಡಿಬಂದು ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ.

"ಸರ್! ಎತ್ತಾಗ ಹೊಂಟೀರಿ?"

"ಪೇಶಂಟ್ ಕರೀಲಿಕ್ಕತ್ತಾರ, ಬಸವಣ್ಣೆಪ್ಪಾ."

"ಬಾವ್ಯಾಗ್ರೀ?"

ಆಗ ಸುಶೀಂದ್ರ ಕೆಳಗೆ ನೋಡಿದ. ಒಂದು ಕಾಲು ಬಾವಿಯ ಕಟ್ಟೆ ದಾಟಿತ್ತು. ಕೆಳಗೆ ಕಲ್ಲಿನ ಚೂರೊಂದು ಬಿತ್ತು. ನೀರು ಗುಳುಂ ಅಂದಿತು.

ಅವತ್ತು ಇಂದಿರಾಬಾಯಿ ಅಳಲಿಲ್ಲ, ಬೈಯಲಿಲ್ಲ. ಮಗನನ್ನು ಮುಂದೆ ಕೂಡಿಸಿಕೊಂಡು ಅವನ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಎರಡನೇ ಸಲ ಕರೆದರ ಹೋಗು. ನಾ ಬ್ಯಾಡ ಅನ್ನಂಗಿಲ್ಲ. ಮೊದಲನೇದಕ್ಕ ಏಳಬ್ಯಾಡ. ನನ್ನ ಆಣಿ ಮಾಡು."

"ಅವ್ವಾ, ಯಾರಿಗರೆ ಖರೇನ ಬ್ಯಾನಿ ಬಂದಿದ್ದರ?"

"ಎಲ್ಲಾರ ಕೈಯಾಗೂ ಫೋನ್ ಅದಾವಲ್ಲೋ. ಬಾಗಿಲಿಗೆ ಬಂದು ಒದರೋರು ಯಾರು ಈಗ?"

ನ್ಯಾಯದ ಮಾತು. ನೀವಾದರೂ ಒಪ್ಪುತ್ತಿದ್ದಿರಿ. ಅವನೂ ಆಣೆ ಮಾಡಿದ. ಆವತ್ತಿನಿಂದ ಇಂದಿರಾಬಾಯಿಯ ಹಾಸಿಗೆ ಪಡಸಾಲೆಯಲ್ಲಿ, ಬಾಗಿಲಿಗೆ ಅಡ್ಡ. ಮಗನದು ಪಕ್ಕದಲ್ಲಿ. ದನಿ ಬರುತ್ತಿತ್ತು, ಒಂದು ಸಲ. ಇವನು ಹಲ್ಲು ಕಚ್ಚಿ ಮಲಗಿರುತ್ತಿದ್ದ. ಎರಡನೆಯದು ಬರುತ್ತಿರಲಿಲ್ಲ. ನಿದ್ದೆ ಮರಳಿತು. ಮುಖದಲ್ಲಿ ರಕ್ತ ಬಂತು. ಸಂಪದಾ ಗುರುವಾರ ರಾಯರಿಗೆ ತುಪ್ಪದ ದೀಪ ಹಚ್ಚಿದಳು. ಗೆದ್ದೆವು ಎಂದುಕೊಂಡರು ಪಾಪ.

ಆಮೇಲೆ ಆ ರಾತ್ರಿ…

ಕರೆಂಟು ಹೋಗಿತ್ತು. ಗೇಟಿನ ಗಂಟೆ ಸತ್ತಿತ್ತು, ಬೀದಿ ದೀಪವೂ ಇಲ್ಲ.

"ಸಾಹೇಬ್ರ…"

ಸುಶೀಂದ್ರ ಎದ್ದು ಕೂತ. ಕತ್ತಲಲ್ಲೇ ತಾಯಿಯ ಕೈ ಬಂದು ಅವನ ಮಣಿಕಟ್ಟು ಹಿಡಿಯಿತು. ಆಕೆಗೆ ದನಿ ಕೇಳಿಸುತ್ತಿರಲಿಲ್ಲ, ಮಗ ಎದ್ದದ್ದು ತಿಳಿದಿತ್ತು.

"ಕರೀತೇನು?"

"ಹೂಂ."

"ಎಷ್ಟನೇದು?"

"ಮೊದಲನೇದು."

"ಹಂಗಾರ ಕೂಡು. ಇನ್ನೊಮ್ಮೆ ಕರೀಲಿ."

ಕೂತ. ಗೋಡೆಯ ಗಡಿಯಾರ… ಟಿಕ್, ಟಿಕ್. ಎಲ್ಲೋ ದೂರ ಹೆದ್ದಾರಿಯಲ್ಲಿ ಲಾರಿ ಗೇರು ಬದಲಿಸಿದ ಗುರ್ರ್. ಆಮೇಲೆ ಗೇಟಿನ ಕಡೆಯಿಂದ… ಟಿಣ್. ಕಬ್ಬಿಣಕ್ಕೆ ಏನೋ ತಾಗಿದ ಸಣ್ಣ ಸದ್ದು. ಇದು ಇಬ್ಬರಿಗೂ ಕೇಳಿಸಿತು.

"ಅವ್ವಾ…"

"ನಾಯಿ ಇರಬೇಕು. ಅದು ಕರೆದದ್ದಲ್ಲ. ಕೂಡು, ನನ್ನ ಆಣಿ ಅದ."

ಮತ್ತೊಮ್ಮೆ ಟಿಣ್… ಮೊದಲಿಗಿಂತ ಮೆಲ್ಲಗೆ. ಇನ್ನೊಂದು ಸಲ ಕರೀರಿ, ಇನ್ನೊಂದೇ ಒಂದು ಸಲ, ಎಂದು ಸುಶೀಂದ್ರ ಮನಸ್ಸಿನಲ್ಲೇ ಬೇಡಿಕೊಂಡ. ಜನ್ಮದಲ್ಲಿ ಯಾವ ದೇವರನ್ನೂ ಅಷ್ಟು ಬೇಡಿರಲಿಲ್ಲ. ತಾಯಿಯ ಮುದಿ ಬೆರಳುಗಳನ್ನು ಬಿಡಿಸಿಕೊಳ್ಳುವುದು ದೊಡ್ಡ ಕೆಲಸವೇ? ಆದರೆ ಅವನಿಂದ ಆಗಲಿಲ್ಲ. ಎರಡನೇ ಕೂಗು ಬರಲಿಲ್ಲ. ಬೆಳಗಿನ ಜಾವ ಕೂತಲ್ಲೇ ತೂಕಡಿಕೆ ಹತ್ತಿತು.

ಎಬ್ಬಿಸಿದ್ದು ತಂಬಿಗೆಯ ಸದ್ದು. ಢಣ್ಣ್! ಅಂಗಳಕ್ಕೆ ನೀರು ಹಾಕಲು ಹೋದ ಸಂಪದಾ ಕೈಯಿಂದ ಬಿಟ್ಟಿದ್ದಳು.

ಗೇಟಿನ ಹೊರಗೆ ಹಿಂದಿನ ಓಣಿಯ ರಮಜಾನಬಿ ಕೂತಿದ್ದಳು. ಬೆನ್ನು ಕಂಬಕ್ಕೆ, ತಲೆ ಕಬ್ಬಿಣದ ಸರಳಿಗೆ. ಕೈಬಳೆ ಸರಳಿಗೆ ಸಿಕ್ಕಿತ್ತು. ಇನ್ನೊಂದು ಮುಷ್ಟಿಯಲ್ಲಿ ದಮ್ಮು ಹತ್ತಿದಾಗ ಬಾಯಿಗೆ ಹೊಡೆದುಕೊಳ್ಳುವ ಪಂಪು, ಖಾಲಿ. ಎಷ್ಟೋ ವರ್ಷದಿಂದ ಅವಳ ದಮ್ಮಿಗೆ ಔಷಧಿ ಕೊಡುತ್ತಿದ್ದವನು ಸುಶೀಂದ್ರನೇ. ಇಂದಿರಾಬಾಯಿಯ ಪೂಜೆಗೆ ದಿನಾ ಎಳೆಯ ವೀಳ್ಯದೆಲೆ ಆರಿಸಿ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದವಳು ಅವಳೇ. ಸುಶೀಂದ್ರ ಮಂಡಿಯೂರಿ ನಾಡಿ ನೋಡಿದ. ಕತ್ತು ಮುಟ್ಟಿದ. ಕಂಕುಳಲ್ಲಿ ಇನ್ನೂ ಸ್ವಲ್ಪ ಬಿಸಿ ಇತ್ತು. ಆ ಬಿಸಿ ಏನು ಹೇಳುತ್ತದೆ ಎಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಹಳ ಹೊತ್ತು ಜೀವ ಹಿಡಿದುಕೊಂಡು ಕೂತಿದ್ದಳು. ಬಾಗಿಲು ತೆಗೆದಿದ್ದರೆ ಉಳಿಯುತ್ತಿದ್ದಳು.

ಮಗ ಇನಾಯತ ಮೆಕ್ಕೆಜೋಳದ ಲಾರಿಯ ಜೊತೆ ಹಿರೇಕೆರೂರಿಗೆ ಹೋಗಿದ್ದ. ಸೊಸೆ ಕೌಸರ ಕೂಸಿನ ಜೊತೆ ಬಂಕಾಪುರದ ತವರಿನಲ್ಲಿದ್ದಳು. ಇನಾಯತ ಬರುತ್ತಿದ್ದಂತೆ ಸುಶೀಂದ್ರ ಅವನ ಎರಡೂ ಕೈ ಹಿಡಿದುಕೊಂಡ.

"ನನಗ ಕೇಳಿಸಿತ್ತು, ಇನಾಯತ. ನಿಮ್ಮ ಅಮ್ಮಿ ಕರೆದಿದ್ದು ಕೇಳಿಸಿತ್ತು. ನಾ ಏಳಲಿಲ್ಲ."

ಇನಾಯತ ಅವನ ಮುಖವನ್ನೇ ನೋಡಿದ.

"ಏನ್ ಮಾತಾಡಾಕತ್ತೀರಿ ಸರ್… ಅಮ್ಮಿಗೆ ಧ್ವನಿ ಎಲ್ಲಿತ್ತರಿ? ನಿನ್ನಿ ಮುಂಜಾನಿಂದ ಗಂಟಲ ಪೂರಾ ಕಟ್ಟಿತ್ತು. ಒಂದ ಮಾತು ಹೊರಡತಿದ್ದಿಲ್ಲ, ಚಪ್ಪಾಳಿ ಬಡದು ನನ್ನ ಕರೀತಿದ್ದರು. ಅದಕ್ಕ ಫೋನ್ ಸುದ್ದಾ ಮಾಡಿಲ್ಲ ನೋಡ್ರಿ. ಮಾಡಿ ಏನ್ ಹೇಳತಿದ್ದರು?"

ಹಾಗಾದರೆ ಕರೆದದ್ದು ಯಾರು? ನನ್ನನ್ನು ಕೇಳಬೇಡಿ, ನನಗೂ ಗೊತ್ತಿಲ್ಲ. ಸುಶೀಂದ್ರನಿಗೆ ಗೊತ್ತಾದದ್ದು ಇಷ್ಟೇ. ದಿನಾ ಸುಳ್ಳು ಕರೆದ ದನಿ ಆವತ್ತೊಂದು ದಿನ ಸುಳ್ಳಾಡಿರಲಿಲ್ಲ. ಬಾಯಿಲ್ಲದವಳ ಪರವಾಗಿ ಅದು ಕರೆದಿತ್ತು. ಅವನು ಕೇಳದೆ ಕೂತಿದ್ದ. ಇದಕ್ಕಿಂತ ಊರವರು ಕಲ್ಲು ಹೊಡೆದಿದ್ದರೆ ಚಲೋ ಇತ್ತು. ಯಾರೂ ಒಂದು ಮಾತು ಅನ್ನಲಿಲ್ಲ. ಅಲ್ಲಾನ ಮರ್ಜಿ ಎಂದು ಅವನಿಗೇ ಸಮಾಧಾನ ಹೇಳಿ ಹೋದರು.

ಹಾವೇರಿಯಲ್ಲಿ ಪಾಠಕ್ಕೆ ನಿಂತ. "ರೋಗಿ ಎರಡನೇ ಸಲ…" ಅಂದ. ಮುಂದಿನ ಮಾತು ಬರಲಿಲ್ಲ. ಹುಡುಗಿಯರು ಪೆನ್ನು ಹಿಡಿದು ಕಾದರು. ಚೀಲ ಎತ್ತಿಕೊಂಡು ಮನೆಗೆ ಬಂದುಬಿಟ್ಟ. ಇಂದಿರಾಬಾಯಿ ಮಗನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ರಾತ್ರಿ ಅವನ ಕೈ ಹಿಡಿಯುವುದನ್ನೂ ಬಿಟ್ಟಳು. ಇವನು ಕತ್ತಲಲ್ಲಿ ಕಣ್ಣು ತೆರೆದುಕೊಂಡು ಮಲಗುತ್ತಿದ್ದ, ಮೊದಲ ಕೂಗಿಗೇ ಓಡುವುದಕ್ಕೆ. ದನಿ ಮತ್ತೆ ಬರಲೇ ಇಲ್ಲ. ಎಲ್ಲಿ ಬಾವಿಯ ಕಡೆ ಎದ್ದು ಹೋಗುತ್ತಾನೋ ಎಂದು ಸಂಪದಾ ಬಾಗಿಲಿಗೆ ಬೀಗ ಹಾಕಿ, ತನ್ನ ಸೆರಗಿನ ತುದಿ ಅವನ ಕೈಗೆ ಕಟ್ಟಿಕೊಂಡು ಮಲಗುತ್ತಿದ್ದಳು.

ರಮಜಾನಬಿಯ ನಲವತ್ತನೇ ದಿನದ ಫಾತಿಹಾ ಮುಗಿದ ಮೇಲೆ ಒಂದು ಸಂಜೆ ಇನಾಯತ ಬಂದ. ಕುರ್ಚಿಯ ತುದಿಗೆ ಕೂತ. ಚಹಾ ಆರಿತು, ಮುಟ್ಟಲಿಲ್ಲ.

"ಸರ್… ಬ್ಯಾಸರ ಮಾಡಕೋಬ್ಯಾಡ್ರಿ. ರಾತ್ರಿ ನಮ್ಮ ಮನಿಗೆ ಬರೋದು ಬಿಡ್ರಿ."

"ಯಾರು?"

"ನೀವ್ರಿ. ಅಮ್ಮಿ ಹೋದಾಗಿಂದ ದಿನಾ ಬರಾಕತ್ತೀರಿ. ನೀವು ದೊಡ್ಡವರು, ಬರಬ್ಯಾಡ್ರಿ ಅನ್ನಾಕ ನನಗ ನಾಲಿಗಿ ಏಳಂಗಿಲ್ಲ. ಆದರ ಕೌಸರ ಭಾಳ ಅಂಜ್ಯಾಳ."

ಒಳಗಿನಿಂದ ಸಂಪದಾ ಬಂದು ನಿಂತಳು. "ಇನಾಯತ, ಇವರು ಮನಿ ಬಿಟ್ಟು ಹೊರಗ ಹೋಗಿಲ್ಲ. ಬೀಗದ ಕೈ ನನ್ನ ಸೊಂಟದಾಗ ಇರ್ತದ. ರಾತ್ರಿಯೆಲ್ಲಾ ನಾ ಇವರ ಮಗ್ಗಲದಾಗ ಎಚ್ಚರ ಇರ್ತೇನಿ."

ಇನಾಯತನ ಮುಖ ಬಿಳಿಚಿಕೊಂಡಿತು. ಸುಶೀಂದ್ರ ಮಾತ್ರ ಗಾಬರಿಯಾಗಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ. "ಬಂದು ಏನ್ ಮಾಡ್ತೇನಿ?"

"ಬಂದೆ, ಬಂದೆ ಅನಕೋತ ಬರ್ತೀರಿ ಸರ್… ಓಡಿ ಬಂದವರ ಗತೆ ತೇಕತಿರ್ತೀರಿ. ಎಲ್ಲಿ ಅವರು, ಅಂತ ಕೇಳ್ತೀರಿ. ಅಮ್ಮಿ ಇಲ್ಲರಿ ಸರ್, ಅಂತ ನಾನು ಅಂತೇನಿ. ಆಮ್ಯಾಲೆ ಹೊಸ್ತಿಲದಾಗ ಕುಂತು ನೀರು ಬೇಡ್ತೀರಿ. ಕುಡದು ಹೋಗ್ತೀರಿ. ಮರುದಿನ ಮತ್ತ ಬರ್ತೀರಿ."

ಸುಶೀಂದ್ರ ತನ್ನ ಎರಡೂ ಪಾದಗಳನ್ನು ನೋಡಿಕೊಂಡ. "ನನ್ನ ಕೈಯಾಗ ಇಲ್ಲಪ್ಪಾ ಅದು," ಅಂದ. ಒಳಗೆ ದೇವರ ಮನೆಯಲ್ಲಿ ಇಂದಿರಾಬಾಯಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತದ್ದು ಹೊರಗೆ ಕೂತವರಿಗೆಲ್ಲ ಕೇಳಿಸಿತು.

ಇವತ್ತಿಗೂ ಅವನು ಸವಣೂರಿನಲ್ಲೇ ಇದ್ದಾನೆ. ಬೇಕಾದರೆ ಹೋಗಿ ನಾಡಿ ತೋರಿಸಿಕೊಂಡು ಬನ್ನಿ, ಕೈಗುಣ ಇನ್ನೂ ಹಾಗೇ ಇದೆ. ಈ ವಿಷಯ ಮಾತ್ರ ಎತ್ತಬೇಡಿ. ಇನಾಯತನ ಮನೆಯವರು ಈಗ ರಾತ್ರಿ ಬಾಗಿಲು ತೆಗೆಯುವುದಿಲ್ಲ. ಹಾಗಂತ ಬಾಗಿಲಿಗೆ ಬಂದವರಿಗೆ ನೀರು ಇಲ್ಲವೆನ್ನಲಿಕ್ಕೆ ಕೌಸರಳಿಗೆ ಮನಸ್ಸು ಒಪ್ಪುವುದಿಲ್ಲ. ಮಲಗುವ ಮುಂಚೆ ಹೊಸ್ತಿಲ ಹೊರಗೆ ಒಂದು ಲೋಟ ನೀರಿಟ್ಟು ತಟ್ಟೆ ಮುಚ್ಚುತ್ತಾಳೆ.

ನಗುತ್ತೀರೇನು? ನಾನೂ ನಕ್ಕಿದ್ದೆ. ಹೋದ ತಿಂಗಳು ಬೇಕೆಂದೇ ಅವರ ಮನೆಯಲ್ಲಿ ಒಂದು ರಾತ್ರಿ ಉಳಿದೆ. ನೀರು ತುಂಬಿಸಿದ್ದು ನಾನೇ, ತಟ್ಟೆ ಮುಚ್ಚಿ ಮೇಲೆ ಕಲ್ಲು ಹೇರಿದ್ದೂ ನಾನೇ. ಬೆಳಿಗ್ಗೆ ಬಾಗಿಲು ತೆಗೆದಾಗ ಕಲ್ಲು ಇಟ್ಟಲ್ಲೇ ಇತ್ತು, ತಟ್ಟೆ ಅಲುಗಿರಲಿಲ್ಲ. ಲೋಟದಲ್ಲಿ ನೀರಿರಲಿಲ್ಲ.