ಕುಂಕುಮ ಹಚ್ಚಿಸಿಕೊಂಡ ಹಾರ್ಡ್ ಡಿಸ್ಕ್

ದೃಷ್ಟಾಂತ ಅಂದಮೇಲೆ ಅದರಲ್ಲಿ ಒಬ್ಬ ಶ್ರೀಮಂತ ಇರಲೇಬೇಕಲ್ಲ? ಇರಲಿ. ಒಂದೂರಲ್ಲಿ ಒಬ್ಬ ನೂಲಿನ ವ್ಯಾಪಾರಿ ಇದ್ದ, ಭಾರೀ ಶ್ರೀಮಂತ. ಅವನ ಹೆಸರು ಹೇಳುವುದಿಲ್ಲ. ಅಂಥವರು ನಾಲ್ಕು ಜನ ಈ ಮಠದ ಪ್ರವಚನಕ್ಕೆ ಬಂದು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಅವನ ಓಣಿಯಲ್ಲೇ ಒಬ್ಬ ನೇಕಾರ ಮುದುಕಿ ಇದ್ದಳು. ಆಕೆಗೆ ಮಾತ್ರ ಹೆಸರು ಕೊಡುತ್ತೇನೆ, ನಿಂಬವ್ವ.

ನಿಂಬವ್ವನದು ಭಜನೆ ಮೇಳ. ಏಳು ಜನ ಹೆಂಗಸರು, ಒಂದು ದಮ್ಮಡಿ, ಎರಡು ಜೋಡಿ ತಾಳ. ಮದುವೆಗೆ ಅವರೇ, ತೊಟ್ಟಿಲಿಗೆ ಅವರೇ, ಸತ್ತವರ ಮುಂದೆ ಕೂತು ಹಾಡುವುದಕ್ಕೂ ಅವರೇ. ಒಂದು ಸಾಲನ್ನೂ ಎಲ್ಲೂ ಬರೆದಿಟ್ಟಿರಲಿಲ್ಲ. ಶ್ರೀಮಂತ ಒಮ್ಮೆ ಅವರನ್ನೆಲ್ಲ ತನ್ನ ಮನೆಯ ಅಟ್ಟದ ಮೇಲೆ ಕೂರಿಸಿ, ಎಂಟು ದಿನ ಊಟ ಹಾಕಿ, ತೊಂಬತ್ನಾಲ್ಕು ಹಾಡು ಧ್ವನಿಮುದ್ರಣ ಮಾಡಿಸಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿದ. ನೋಡಿ, ಅವನು ಕೆಟ್ಟವನಲ್ಲ. ಹಾಡು ಉಳಿಯಲಿ ಎಂಬ ಆಸೆ ಅವನದು. ಆ ಆಸೆಯಲ್ಲಿ ತಪ್ಪಿಲ್ಲ.

ತಪ್ಪು ಆಮೇಲೆ ಆಯಿತು. ಮದುವೆ ಬಂತು, ಹಾರ್ಡ್ ಡಿಸ್ಕು ಬಂತು. ತೊಟ್ಟಿಲು ಬಂತು, ಹಾರ್ಡ್ ಡಿಸ್ಕು ಬಂತು. ಹೆಣ ಎದುರಿಗಿದ್ದರೂ ಸ್ಪೀಕರ್ ಹಾಡಿತು. ನಿಂಬವ್ವನಿಗೆ ಏನು ಕೊಟ್ಟರು? ಮುಂದಿನ ಸಾಲಿನಲ್ಲೊಂದು ಕುರ್ಚಿ, ವರ್ಷಕ್ಕೊಂದು ಶಾಲು. ಒಂಬತ್ತು ವರ್ಷ ಆಕೆ ತನ್ನ ಹಾಡನ್ನು ತಾನೇ ಬಾಯಿ ಮುಚ್ಚಿಕೊಂಡು ಕೇಳಿದಳು. ಅಷ್ಟರಲ್ಲಿ ಮೇಳದ ಐದು ಜನ ತೀರಿಕೊಂಡರು. ಉಳಿದವರು ಆಕೆ ಮತ್ತು ಆಕೆಯ ಗೆಳತಿ ಬಾಳವ್ವ, ಇಬ್ಬರೇ.

ಆಯುಧ ಪೂಜೆ ಬಂತು. ಶ್ರೀಮಂತ ತಕ್ಕಡಿಗೆ ಪೂಜೆ ಮಾಡಿದ, ಮಗ್ಗಕ್ಕೆ ಮಾಡಿದ, ಕಾರಿಗೆ ಮಾಡಿದ. ಹಾಡು ತುಂಬಿದ ಪೆಟ್ಟಿಗೆಯನ್ನು ಬಿಡುತ್ತಾನೆಯೇ? ಮಣೆಯ ಮೇಲೆ ಇಟ್ಟು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದ. ಪೂಜೆಗೆ ಹಾಡು ಬೇಕಲ್ಲ, ಅದಕ್ಕೆ ಅದನ್ನು ಚಾಲೂ ಮಾಡಿಯೇ ಇಟ್ಟಿದ್ದ. ಮಂಗಳಾರತಿಯಾಯಿತು. ಅದರ ಮುಂದೆಯೇ ಕಾಯಿ ಒಡೆದ. ಕಾಯಿನೀರು ಸರ್ರೆಂದು ಅದರ ಮೈಮೇಲೆ ಹಾರಿತು. ಒಳಗೆ ಟಕ್ ಟಕ್ ಎಂದಿತು, ಹಾಡು ನಿಂತಿತು.

ಸುಮ್ಮನಿದ್ದರೇ? ಒರೆಸಿ ಮತ್ತೆ ಚಾಲೂ ಮಾಡಿದರು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಿಡಿದರು. ಅಕ್ಕಿ ಡಬ್ಬಿಯಲ್ಲಿ ಹೂತರು. ಅಂಗೈಯಿಂದ ಎರಡು ಏಟು ಬಡಿದರು. ಮತ್ತೆ ಚಾಲೂ ಮಾಡಿದರು. ಟಕ್ ಟಕ್.

ಊರಿಗೆಲ್ಲ ಅದೊಂದು ಸುದ್ದಿ ಅಷ್ಟೇ. ನಿಂಬವ್ವನಿಗೆ ಹಾಗಲ್ಲ. ಬಾಳವ್ವ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ತಾನು ಹೋದ ದಿನ 'ಬಿಟ್ಟ ಹೊಂಟೀನವ್ವ ನೇದಷ್ಟ ಸಾಕಂತ' ಹಾಡನ್ನು ಪೂರಾ ಹಾಡಬೇಕೆಂದು ಕೈಮೇಲೆ ಕೈ ಹಾಕಿಸಿಕೊಂಡಿದ್ದಳು. ನಾಲ್ಕು ನುಡಿಯ ಹಾಡು. ಅಂದು ಮನೆಗೆ ಬಂದು ನಿಂಬವ್ವ ಹಾಡಿ ನೋಡಿದಳು. ಎರಡು ನುಡಿ ಬಂದವು. ಮೂರನೆಯದು ಬರಲಿಲ್ಲ, ನಾಲ್ಕನೆಯದು ಬರಲೇ ಇಲ್ಲ. ಪೆಟ್ಟಿಗೆಯಲ್ಲಿದೆ ಎಂಬ ಧೈರ್ಯದ ಮೇಲೆ ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಶ್ರೀಮಂತ ಪೆಟ್ಟಿಗೆಯನ್ನು ರಿಪೇರಿಗೆ ಒಯ್ಯುವಾಗ ಅವನ ಕಾರಿನಲ್ಲಿ ತಾನೂ ಹತ್ತಿ ಕೂತಳು. ದೊಡ್ಡ ಊರಿನಲ್ಲಿ ಕೆಟ್ಟ ಹಾರ್ಡ್ ಡಿಸ್ಕುಗಳಿಂದ ಕಳೆದುಹೋದದ್ದನ್ನು ತೆಗೆದುಕೊಡುವ ಒಬ್ಬ ಹೆಣ್ಣುಮಗಳಿದ್ದಳು. ಧೂಳು ಬಾರದ ಗಾಜಿನ ಕೋಣೆಯಲ್ಲಿ ಅದನ್ನು ಬಿಚ್ಚಿ ನೋಡಿ ಆಕೆ ವಿವರಿಸಿದಳು. ಒಳಗೆ ಕನ್ನಡಿಯಂಥ ತಟ್ಟೆ ತಿರುಗುತ್ತದಂತೆ, ಅದನ್ನು ಓದುವ ಮುಳ್ಳು ಮೇಲೆ ಕೂದಲೆಳೆಯಷ್ಟೂ ಸೋಕದೆ ತೇಲುತ್ತದಂತೆ. ನೀರು ಬಿದ್ದಾಗ ಮುಳ್ಳು ತಟ್ಟೆಗೆ ಬಡಿದಿದೆ. ಆಗಲೇ ತಂತಿ ಕಿತ್ತು ತಂದಿದ್ದರೆ ಬಹುಪಾಲು ಸಿಗುತ್ತಿತ್ತು, ಮತ್ತೆ ಮತ್ತೆ ಚಾಲೂ ಮಾಡಿ ನೀವೇ ಗೀರಿದಿರಿ ಎಂದಳು. ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳಿದಳು. ಇರಲಿಲ್ಲ.

ಮೂರು ವಾರ ಹೆಣಗಿ ಆಕೆ ಹನ್ನೊಂದು ಹಾಡು ತೆಗೆದುಕೊಟ್ಟಳು. ಬಾಳವ್ವನ ಹಾಡೂ ಅದರಲ್ಲಿತ್ತು. ಹಾಕಿದರು. ಏಳೂ ಜನರ ಧ್ವನಿ ಕೇಳಿ ನಿಂಬವ್ವನ ಕಣ್ಣು ತುಂಬಿತು. ಒಂದನೇ ನುಡಿ, ಎರಡನೇ ನುಡಿ, ಆಮೇಲೆ ಗರಗರ ಸದ್ದು. ಅಷ್ಟೇ ಉಳಿದಿತ್ತು. ಇದ್ದಷ್ಟನ್ನೇ ಹಾಕಿಸೋಣ ಬಿಡವ್ವ ಎಂದು ಶ್ರೀಮಂತ ಸಮಾಧಾನ ಹೇಳಿದ. ನಿಂಬವ್ವ ಒಪ್ಪಲಿಲ್ಲ. ಅರ್ಧ ಹಾಡಿನಲ್ಲಿ ಯಾರನ್ನೂ ಕಳಿಸುವ ಪದ್ಧತಿ ನಮ್ಮ ಮೇಳದಲ್ಲಿಲ್ಲ ಎಂದಳು.

ನೆಟ್ಟಗೆ ಬಾಳವ್ವನ ಹಾಸಿಗೆಯ ಬದಿಗೆ ಹೋಗಿ ಕೂತಳು. ಮೂರನೇ ನುಡಿ ಹೇಳು ಎಂದಳು. ಬಾಳವ್ವ ಮಲಗಿದಲ್ಲೇ ನಕ್ಕಳು.

"ನನ್ನ ಸಾವಿನ ಹಾಡ ನಾನ ಕಲಸಬೇಕೇನ?"

"ಮತ್ಯಾರ ಕಲಸ್ತಾರ? ಉಳಿದಾಕಿ ನೀ ಒಬ್ಬಾಕಿ. ಹೇಳು."

ನಾಲ್ಕು ದಿನ ಹಿಡಿಯಿತು. ಒಂದು ಪದ ಗಂಜಿ ಕುಡಿಯುವಾಗ ಬಂತು, ಇನ್ನೊಂದು ಕೆಮ್ಮಿನ ನಡುವೆ ಬಂತು. ಮೂರನೇ ನುಡಿ ಕೂಡಿತು. ನಾಲ್ಕನೆಯದು ಇಬ್ಬರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಆಗ ನಿಂಬವ್ವ ಏನು ಮಾಡಿದಳು? ಅತ್ತಳೇ? ಕಣ್ಣು ಮುಚ್ಚಿ ತಾನೇ ಕಟ್ಟಿದಳು. 'ಉಳಿದ ಎಳಿಯ ನಾ ಹಿಡಿತೀನಿ, ನೀ ಹೋಗಿ ಬಾ ತಂಗಿ' ಎಂದು ಮುಗಿಸಿದಳು. ಬಾಳವ್ವ ತಲೆಯಾಡಿಸಿದಳು. ನೋಡಲು ಬಂದಿದ್ದ ಶ್ರೀಮಂತ ಮಾತ್ರ, ಇದು ಮೂಲದಲ್ಲಿ ಇಲ್ಲವಲ್ಲ ಎಂದು ತಕರಾರು ತೆಗೆದ.

"ಮೂಲ ಅಂದ್ರ ಏನ್ರಿ ಸಾವ್ಕಾರ್ರ? ಅದನ್ನ ಕಟ್ಟಿದಾಕಿನೂ ನನ್ನಂಗ ಮಗ್ಗದ ಮುಂದ ಕುಂತಾಕಿ. ಆಕಿಗೊಂದ ಬಾಯಿ ಇತ್ತು. ನನಗೂ ಒಂದೈತಿ."

ಹದಿನೈದು ದಿನಕ್ಕೆ ಬಾಳವ್ವ ಹೋದಳು. ಶ್ರೀಮಂತನಿಗೆ ರೂಢಿ ಬಿಡಬೇಕಲ್ಲ, ಹನ್ನೊಂದು ಹಾಡಿನ ಜೊತೆಗೆ ಸ್ಪೀಕರ್ ತಂದು ಅಂಗಳದಲ್ಲಿ ಇಡಿಸಿದ. ಹಾಡು ಶುರುವಾಯಿತು. ನಿಂಬವ್ವ ಎದ್ದಳು. ಊರಿನ ದೊಡ್ಡ ಮನುಷ್ಯನ ಎದುರಿಗೆ, ನೆರೆದ ಜನರ ಎದುರಿಗೆ, ತಂತಿಯನ್ನು ಕೈಗೆ ಸುತ್ತಿ ಕಿತ್ತಳು.

"ಆಕಿ ಸತ್ತಾಳ. ನಾವಿನ್ನೂ ಸತ್ತಿಲ್ಲ."

ತಾಳವನ್ನು ಶ್ರೀಮಂತನ ಕೈಗೇ ಕೊಟ್ಟಳು. ಓಣಿಯ ಸೊಸೆಯರನ್ನು ಹೆಸರು ಹಿಡಿದು ಕರೆದು ಕೂರಿಸಿದಳು. ಧ್ವನಿ ಒಡೆದಿತ್ತು, ಶ್ರುತಿ ದಾರಿ ತಪ್ಪುತ್ತಿತ್ತು, ಶ್ರೀಮಂತನ ತಾಳವಂತೂ ಹಾಡಿಗಿಂತ ಒಂದು ಹೆಜ್ಜೆ ಹಿಂದೆಯೇ ಬರುತ್ತಿತ್ತು. ಆದರೆ ನಾಲ್ಕು ನುಡಿಯೂ ಆಯಿತು. ನಾಲ್ಕನೆಯದನ್ನು ಎರಡನೇ ಸಲ ಹೇಳುವಾಗ ಅಂಗಳವೆಲ್ಲ ಹೇಳಿತು. ಬಾಳವ್ವನನ್ನು ಪೂರಾ ಹಾಡಿನಲ್ಲೇ ಕಳಿಸಿದರು.

ಈಗ ನಿಮ್ಮ ಕಡೆ ಬರುತ್ತೇನೆ. ನಗುತ್ತಿದ್ದಿರಲ್ಲ, ಕಾಯಿನೀರು ಹಾರಿದಾಗ? ನೀವೇನು ಮಾಡಿದ್ದೀರಿ? ಶರಣರ ಮಾತಿಗೆ ಹೂವು ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದೀರಿ. ತಾಯಿಯ ಜೋಗುಳವನ್ನು ಮೊಬೈಲಿನಲ್ಲಿ ಇಟ್ಟಿದ್ದೀರಿ, ನಿಮ್ಮ ಕೂಸನ್ನು ಮಲಗಿಸಲು ಮೊಬೈಲನ್ನೇ ತೊಟ್ಟಿಲಿಗೆ ಕಟ್ಟಿದ್ದೀರಿ. ಇಟ್ಟಿದ್ದೇವೆ ಅನ್ನುತ್ತೀರಿ. ಇಟ್ಟದ್ದು ನಿಮ್ಮದೇ? ನಾಲಿಗೆಯ ಮೇಲೆ ಇರುವುದು ನಿಮ್ಮದು. ಕೈಯಲ್ಲಿ ಆಗುವುದು ನಿಮ್ಮದು. ಉಳಿದದ್ದೆಲ್ಲ ಒಂದು ಕಾಯಿ ಒಡೆಯುವವರೆಗೆ.

ಪ್ರತಿ ಇಡಬೇಡಿ ಎಂದು ನಾನು ಹೇಳಿದೆನೇ? ಇಡಿ. ಒಂದಲ್ಲ, ಎರಡು ಕಡೆ ಇಡಿ, ಕಾಯಿನೀರಿನಿಂದ ದೂರ ಇಡಿ. ಆದರೆ ಇವತ್ತು ಮನೆಗೆ ಹೋದಮೇಲೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಮುಂದೆ ಕೂತು ಒಂದು ಹಾಡು, ಒಂದು ಕತೆ, ಒಂದು ಅಡುಗೆ, ಏನಾದರೂ ಒಂದನ್ನು ಬಾಯಿಪಾಠ ಮಾಡಿ. ಫೋನ್ ಹಿಡಿಯಬೇಡಿ. ತಪ್ಪಾಗಲಿ, ಮರೆತರೆ ಮತ್ತೆ ಕೇಳಿ. ಯಾರೂ ಉಳಿದಿಲ್ಲವೇ? ನಿಂಬವ್ವನ ಹಾಗೆ ನೀವೇ ಕಟ್ಟಿ. ಅದು ಮೂಲದಲ್ಲಿಲ್ಲ ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ.

ಈ ಮಠದಲ್ಲೂ ಪ್ರವಚನ ಮುಗಿದ ಕೂಡಲೇ ಸ್ಪೀಕರಿನಲ್ಲಿ ಮಂಗಳದ ಹಾಡು ಬರುತ್ತದೆ, ನೀವು ಚಪ್ಪಲಿ ಹುಡುಕುತ್ತೀರಿ. ಇವತ್ತು ಬರುವುದಿಲ್ಲ. ಅದರ ತಂತಿ ನನ್ನ ಆಸನದ ಕೆಳಗಿದೆ, ಬೆಳಿಗ್ಗೆಯೇ ಕಿತ್ತಿದ್ದೇನೆ. ಈಗ ಈ ಮೈಕನ್ನೂ ಆರಿಸುತ್ತೇನೆ. ಮಂಗಳ ನೀವು ಹಾಡಬೇಕು. ಬರುವವರು ಶುರು ಮಾಡಿ, ಬಾರದವರು ಪಕ್ಕದವರ ಬಾಯಿ ನೋಡಿ ಕಲಿಯಿರಿ. ನನಗೆ ಅವಸರವಿಲ್ಲ, ಕೂತಿರುತ್ತೇನೆ.